ಸದ್ದಿಲ್ಲದ ರೂಮು

ಜಂಕ್ಷನ್ ಸ್ಟೇಷನ್ನಿನ ಎದುರಿನ ಲಾಡ್ಜು, ಎರಡನೇ ಮಹಡಿ
ಹನ್ನೊಂದನೇ ತಾರೀಖು, ಗುರುವಾರ, ಇಳಿಹೊತ್ತು

ಪ್ರೀತಿಯ ಅತ್ತಿಗೆ,

ನಿಮ್ಮ ಮಂಡಿ ನೋವು ಹೇಗಿದೆ? ಹೋದ ವಾರ ಫೋನಿನಲ್ಲಿ ‘ಮೆಟ್ಟಿಲು ಹತ್ತಿದ್ರೆ ಮಾತ್ರ ನೋವು ಕಣೇ’ ಅಂದಿರಿ. ಬೀದಿಯಿಂದ ನಿಮ್ಮ ಬಾಗಿಲಿಗೆ ಬರಬೇಕಾದರೂ ಮೆಟ್ಟಿಲು, ಅಡುಗೆಮನೆಗೆ ಇಳಿಯಬೇಕಾದರೂ ಮೆಟ್ಟಿಲು, ಬಟ್ಟೆ ಒಣಹಾಕಲಿಕ್ಕೂ ಮೆಟ್ಟಿಲು. ಅಂದರೆ ದಿನವಿಡೀ ನೋವು ಅಂತಲೇ ಅರ್ಥ ಮಾಡಿಕೊಂಡೆ. ಹಟ ಬಿಟ್ಟು ಡಾಕ್ಟರಿಗೆ ತೋರಿಸಿ. ನಿಮ್ಮ ಯಜಮಾನರ ಕೆಮ್ಮು ತಗ್ಗಿತೇ? ಸಿಗರೇಟು ಬಿಟ್ಟಿದ್ದೇನೆ ಅಂತ ಅವರು ಹೇಳುವುದೂ ನೀವು ನಂಬುವುದೂ ಇನ್ನೂ ನಡೆದೇ ಇದೆ ತಾನೇ? ನಮ್ಮ ವಿಷಯ ಹೇಳಬೇಕೆಂದರೆ, ಎಲ್ಲರೂ ಚೆನ್ನಾಗಿದ್ದೇವೆ ಅಂತ ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ಇದ್ದೇವೆ. ಅಷ್ಟು ಸಾಕು.

ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ಅಂಟು ಹಾಕಿ, ನಿಮ್ಮ ತಮ್ಮನ ಚೀಲದಲ್ಲಿ ಮಡಿಸಿದ ಅಂಗಿಗಳ ಕೆಳಗಿಟ್ಟು ಕಳಿಸುತ್ತೇನೆ. ನೀವು ಓದುವ ಹೊತ್ತಿಗೆ ಮಾವ ನಿಮ್ಮ ಮನೆಯ ಕುರ್ಚಿಯಲ್ಲಿ ಕೂತು, ಟೀಗೆ ಸಕ್ಕರೆ ಸಾಲದು ಅಂತ ಗೊಣಗುತ್ತಿರುತ್ತಾರೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಗೆ ಹೇಳಲಿ? ನಿಮ್ಮ ತಮ್ಮ ಫೋನು ಹಿಡಿದರೆ ಬೀದಿಗೆಲ್ಲ ಕೇಳುವ ಹಾಗೆ ಸ್ಪೀಕರ್ ಹಾಕುತ್ತಾರೆ. ಮಾವ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾರೆ. ಅವರ ಎದುರಿಗೇ ಅವರ ವಿಷಯ ಎತ್ತಲು ನನಗೆ ಬಾಯಿ ಬರುವುದಿಲ್ಲ. ಹೋಗಿರುವುದು ಅವರ ನೆನಪು ಮಾತ್ರ, ಮರ್ಯಾದೆ ಹೋಗಿಲ್ಲ.

ನಿಮಗೆ ಗೊತ್ತಿರುವುದನ್ನೇ ಮತ್ತೊಮ್ಮೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಬರೆದರೆ ನನ್ನ ತಲೆಯಾದರೂ ತಿಳಿಯಾದೀತು. ಮಾವ ಜೀವಮಾನವೆಲ್ಲ ರೈಲು ಇಂಜಿನ್ ಓಡಿಸಿದವರು. ಅತ್ತೆ ತೀರಿಕೊಂಡ ಮೇಲೆ ಅವರ ನೆನಪು ಸ್ವಲ್ಪಸ್ವಲ್ಪವೇ ಜಾರತೊಡಗಿತು. ಮೊದಲು ಊಟ ಮಾಡಿದ್ದನ್ನು ಮರೆತರು, ಆಮೇಲೆ ರಿಟೈರಾದದ್ದನ್ನೇ ಮರೆತರು. ನಮ್ಮ ಮನೆಯೋ ಹಳಿಯ ಪಕ್ಕದಲ್ಲೇ. ಮೊದಲ ಸಲ ಹಳೇ ಡ್ಯೂಟಿ ಕೋಟು ತೊಟ್ಟು ಹೇಳದೆ ಕೇಳದೆ ಹೊರಟವರು ರೈಲ್ವೆ ಗೇಟಿನ ಹತ್ತಿರ ಸಿಕ್ಕರು. ಎರಡನೇ ಸಲ ಸ್ಟೇಷನ್ನಿನಲ್ಲಿ, ಸ್ಟೇಷನ್ ಮಾಸ್ಟರನ್ನು ತಡೆದು ನಿಲ್ಲಿಸಿ ಬೈಯುತ್ತಿದ್ದರು. ಮೂರನೇ ಸಲ ಹಳಿಯ ಮೇಲೇ ನಡೆದು ಹೋಗುತ್ತಿದ್ದರು. ರೈಲಿನ ಸಿಳ್ಳೆ ಕೇಳಿದ ಕೂಡಲೇ ಡ್ಯೂಟಿ ಜ್ಞಾಪಕಕ್ಕೆ ಬಂದು ಎದ್ದು ಹೋಗುತ್ತಾರೆ ಅಂತ ನಿಮ್ಮ ತಮ್ಮ ಹೇಳಿದರು. ಡಾಕ್ಟರು ‘ಇರಬಹುದು’ ಅಂದರು. ನಾನೂ ಹೌದೆಂದೆ. ನಾನು ಹೊಲಿಯಲು ಹೋಗುವ ಟೈಲರ್ ಅಂಗಡಿಯಲ್ಲಿ ಉಳಿದಿದ್ದ ದಪ್ಪ ಬಟ್ಟೆ ತಂದು, ಮೂರು ಪದರ ಸೇರಿಸಿ, ಮಾವನ ಕೋಣೆಯ ಕಿಟಕಿಗೆ ಪರದೆ ಹೊಲಿದು ಹಾಕಿದೆ. ಸಿಳ್ಳೆಯಲ್ಲ, ಸಿಡಿಲು ಬಡಿದರೂ ಒಳಗೆ ಕೇಳಬಾರದು, ಅಂಥ ಪರದೆ. ಆದರೆ ಅವತ್ತಿನಿಂದ ಮಾವ ಸರಿಯಾಗಿ ನಿದ್ದೆ ಮಾಡಲೇ ಇಲ್ಲ. ಎದ್ದು ಕೂರುತ್ತಾರೆ, ಬಾಗಿಲ ಚಿಲಕ ಅಲುಗಿಸುತ್ತಾರೆ. ಅವರು ಮಲಗದ ಮೇಲೆ ನಾನು ಮಲಗುವುದು ಎಲ್ಲಿ ಬಂತು? ಮೊನ್ನೆ ಅಂಗಡಿಯಲ್ಲಿ ಒಬ್ಬರ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಒಂದೇ ಹೊಲಿಗೆ ಹಾಕಿಬಿಟ್ಟೆ. ನಮ್ಮ ಓನರ್ ಅದನ್ನು ಎತ್ತಿ ಹಿಡಿದು ನೋಡಿ, ಬೈಯಲೂ ಇಲ್ಲ, ‘ಮನೆಗೆ ಹೋಗಿ ಮಲಗಮ್ಮ’ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆ ಹೊತ್ತಿಗೇ ಅಲ್ಲವೇ ನಿಮ್ಮ ಫೋನು ಬಂದದ್ದು? ‘ನಮ್ಮ ಗುಡ್ಡದ ಮೇಲೆ ರೈಲೂ ಇಲ್ಲ ಗೀಲೂ ಇಲ್ಲ, ಎಲೆ ಅಲುಗಿದ್ರೂ ಕೇಳುತ್ತೆ ಕಣೇ, ಅಪ್ಪನ್ನ ಕಳಿಸು, ಇನ್ಮೇಲೆ ಇಲ್ಲೇ ಇರ್ಲಿ’ ಅಂದಿರಿ. ನಾನು ಬೇಡ ಅನ್ನಬೇಕಿತ್ತೇನೋ, ಸೊಸೆಯಾಗಿ ಒಂದು ಸಲ ಬಾಯಿಮಾತಿಗಾದರೂ. ಅನ್ನಲಿಲ್ಲ. ಫೋನಿಟ್ಟು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ ಅತ್ತಿಗೆ, ಇನ್ನು ಮಲಗಬಹುದಲ್ಲ ಅಂತ. ನೀವು ಅಲ್ಲಿ ಹಿಂದಿನ ಕೋಣೆಗೆ ಬಣ್ಣ ಹೊಡೆಸಿದಿರಿ. ಇಲ್ಲಿ ನಿಮ್ಮ ತಮ್ಮ ಹೋಗಲು ಇಬ್ಬರಿಗೆ, ಬರಲು ಒಬ್ಬರಿಗೆ ಟಿಕೆಟ್ ಮಾಡಿಸಿದರು.

ಇನ್ನು ಲಾಡ್ಜಿನ ಪುರಾಣ ಕೇಳಿ. ನಿಮ್ಮ ಕಡೆಯ ಗಾಡಿ ಈ ಜಂಕ್ಷನ್ನಿನಿಂದ ನಸುಕಿಗೇ ಹೊರಡುತ್ತದೆ. ನಮ್ಮೂರಿನಿಂದ ಅಷ್ಟು ಬೇಗ ಬಸ್ಸೂ ಇಲ್ಲ, ಗಾಡಿಯೂ ಇಲ್ಲ. ಹಿಂದಿನ ದಿನವೇ ಬಂದು ಸ್ಟೇಷನ್ ಹತ್ತಿರ ತಂಗಬೇಕು. ನಿಮ್ಮ ತಮ್ಮ ಫೋನಿನಲ್ಲಿ ಫೋಟೋ ನೋಡಿ ‘ಇದು ಸ್ಟೇಷನ್ನಿಗೆ ಅಂಟ್ಕೊಂಡೇ ಇದೆ, ಬುಕ್ ಮಾಡ್ಲಾ’ ಅಂದರು. ಅಂಟಿಕೊಂಡಿದ್ದರೆ ಸಿಳ್ಳೆ ತಲೆದಿಂಬಿನ ಪಕ್ಕದಲ್ಲೇ ಕೂಗುತ್ತದಲ್ಲ! ಮಗನಿಗೆ ಇಷ್ಟೂ ಹೊಳೆಯದಿದ್ದರೆ ಹೇಗೆ? ಅವರು ಲಿಫ್ಟ್ ರಿಪೇರಿಯವರಲ್ಲವೇ, ಯಾವ ಲಾಡ್ಜಿನ ಫೋಟೋ ತೋರಿಸಿದರೂ ಹಾಸಿಗೆ ನೋಡುವುದಿಲ್ಲ, ಬಚ್ಚಲು ನೋಡುವುದಿಲ್ಲ, ಲಿಫ್ಟಿನ ಬಾಗಿಲನ್ನೇ ದೊಡ್ಡದು ಮಾಡಿ ನೋಡುತ್ತಾರೆ. ಕೊನೆಗೆ ನನ್ನ ರಜೆಯ ದಿನ ನಾನೇ ಬಸ್ಸು ಹತ್ತಿ ಬಂದೆ. ಸ್ಟೇಷನ್ ಹತ್ತಿರವಿರಬೇಕು, ಮಾವ ನಡೆಯುವಷ್ಟು. ಸ್ಟೇಷನ್ನಿನ ಸದ್ದು ಮಾತ್ರ ಕೇಳಬಾರದು. ಹೀಗೆ ಹುಡುಕಲು ಹೊರಟವಳಿಗೆ ತಲೆ ನೆಟ್ಟಗಿರಲಿಕ್ಕಿಲ್ಲ ಅಂತ ದಾರಿಯಲ್ಲೇ ನನಗೆ ಅನಿಸಿತ್ತು.

ಮೊದಲು ಹೊಕ್ಕಿದ್ದು ನಾನೀಗ ಕೂತಿರುವ ಇದೇ ಲಾಡ್ಜು, ಸ್ಟೇಷನ್ನಿನ ನೇರ ಎದುರಿಗೆ. ಮ್ಯಾನೇಜರು ದೊಡ್ಡ ಹೊಟ್ಟೆಯ, ಹಸನ್ಮುಖದ ಮನುಷ್ಯ. ಕಿಟಕಿ ತೆರೆದು, ಸ್ವಂತ ತೋಟ ತೋರಿಸುವವರ ಹಾಗೆ ಕೈಚಾಚಿ, ‘ನೋಡಿ ಮೇಡಂ, ಬರೋ ಗಾಡಿ ಹೋಗೋ ಗಾಡಿ ಎಲ್ಲಾ ಮಲಗಿದಲ್ಲೇ ಕೇಳುತ್ತೆ, ಅಲಾರಾಂ ಬೇಕಾಗಲ್ಲ’ ಅಂದರು. ನಾನು ನಮಸ್ಕಾರ ಹೊಡೆದು ಇಳಿದುಬಂದೆ. ಎರಡನೆಯದರಲ್ಲಿ ಬಚ್ಚಲಿನ ಹೊಸ್ತಿಲು ಮೊಣಕಾಲೆತ್ತರ. ಮಾವ ದಾಟುವುದಿರಲಿ, ನಾನೇ ಮುಗ್ಗರಿಸಿದೆ. ಇನ್ನೊಂದರ ಹಾಸಿಗೆಯ ಬಟ್ಟೆಗೆ ಹಾಕಿದ್ದ ತೇಪೆ ನೋಡಿ ಒಳಗೇ ಹೋಗಲಿಲ್ಲ. ತೇಪೆ ಹಾಕಿದ್ದಕ್ಕಲ್ಲ, ಅಷ್ಟು ಕೆಟ್ಟದಾಗಿ ಹಾಕಿದ್ದಕ್ಕೆ. ಕಡೆಗೆ ಹಿಂದಿನ ಗಲ್ಲಿಯಲ್ಲಿ, ಗೋದಾಮುಗಳ ನಡುವೆ ಹುದುಗಿಕೊಂಡ ಒಂದು ಲಾಡ್ಜು ಸಿಕ್ಕಿತು. ನಡೆಸುವಾಕೆ ಸೊಂಟಕ್ಕೆ ಬೀಗದಕೈಯ ಗೊಂಚಲು ಸಿಕ್ಕಿಸಿಕೊಂಡ ಗಟ್ಟಿಗಿತ್ತಿ. ಒಳಗಿನ ರೂಮಿಗೆ ಕಿಟಕಿ ಇತ್ತು, ತೆರೆದರೆ ಗೋದಾಮಿನ ಗೋಡೆ. ನಾನು ಹಾಸಿಗೆಯ ಮೇಲೆ ಮಲಗಿ ನೋಡಿದೆ, ಗೋಡೆಗೆ ಕಿವಿಯಿಟ್ಟು ನಿಂತೆ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದೆ. ಆಕೆಗೆ ಅನುಮಾನ ಬಂದು ‘ಏನಮ್ಮ ಹುಡುಕ್ತಿದ್ದೀಯಾ’ ಅಂತ ಗದರಿದಳು. ಸದ್ದು ಅಂದೆ. ‘ಇಲ್ಲಿಲ್ಲ’ ಅಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಆಕೆಯ ಕೈ ಹಿಡಿದುಕೊಂಡುಬಿಟ್ಟೆ. ಆಕೆ ಕೈ ಕೊಡವಿಕೊಂಡು ಬೇರೆ ಗಿರಾಕಿಯ ಕಡೆ ಹೋದಳು.

ಇವತ್ತು ಮಧ್ಯಾಹ್ನ ಮಾವನನ್ನು ಕರೆದುಕೊಂಡು ಅಲ್ಲಿಗೇ ಬಂದೆ. ನಿಮ್ಮ ತಮ್ಮ ಕೆಲಸ ಮುಗಿಸಿ ಸಂಜೆ ಬಂದು ಸೇರುವುದು ಅಂತ ಮಾತಾಗಿತ್ತು. ಬಸ್ಸಿನಲ್ಲಿ ಮಾವ ಬಹಳ ಹುಷಾರಾಗಿದ್ದರು. ಮಗಳ ಮನೆಗೆ ಅಂತ ದಾರಿಯುದ್ದಕ್ಕೂ ಪಕ್ಕದ ಸೀಟಿನವರಿಗೆಲ್ಲ ಹೇಳಿದರು, ಒಬ್ಬೊಬ್ಬರಿಗೆ ಎರಡೆರಡು ಸಲ. ಊಟ ಮುಗಿಸಿ ರೂಮಿಗೆ ಬಂದು, ಅವರ ಬೂಟು ಬಿಚ್ಚಿ, ಅವರನ್ನು ಮಲಗಿಸಿ, ನಾನೂ ಪಕ್ಕದ ಮಂಚದ ಮೇಲೆ ಬೆನ್ನು ಚಾಚಿದೆ. ಸುತ್ತ ಎಲ್ಲ ನಿಶ್ಶಬ್ದ. ಎಷ್ಟೋ ತಿಂಗಳ ನಿದ್ದೆ ಒಟ್ಟಿಗೇ ಕಣ್ಣಿಗೆ ಬಂತು.

ಕಣ್ಣು ಬಿಟ್ಟಾಗ ಮಾವ ಎದ್ದು ಕೂತಿದ್ದರು. ಒಂದೇ ಸಮನೆ ಗೋಡೆ ನೋಡುತ್ತಿದ್ದರು. ‘ಗಾಡಿ ಯಾಕಮ್ಮ ಬಂದಿಲ್ಲ?’ ಅಂದರು. ಬರುತ್ತೆ ಮಾವ, ಮಲಗಿ ಅಂದೆ. ಅವರು ತಲೆಯಾಡಿಸಿದರು. ‘ಇಷ್ಟು ಹೊತ್ತು ಒಂದೂ ಬಂದಿಲ್ಲ. ಮುಂದೆ ಎಲ್ಲೋ ಏನೋ ಆಗಿದೆ.’ ಹೋಯಿತು ಮಾವ, ನಾನೇ ಕೇಳಿಸಿಕೊಂಡೆ ಅಂತ ಸುಳ್ಳು ಹೇಳಿದೆ. ‘ನಾನು ಕೇಳ್ಲಿಲ್ವಲ್ಲ’ ಅಂದರು. ಬೂಟಿಗೆ ಕಾಲು ತೂರಿಸಲು ಹೋದರು, ಅವಸರಕ್ಕೆ ಎಡಬಲ ಅದಲುಬದಲಾಯಿತು. ಅತ್ತಿಗೆ, ಇಷ್ಟು ವರ್ಷದಲ್ಲಿ ನಾನು ಮಾವನ ಸಿಟ್ಟು ನೋಡಿದ್ದೇನೆ, ಮೊಂಡಾಟ ನೋಡಿದ್ದೇನೆ, ಅತ್ತೆಯ ಸೀರೆ ಮುಖಕ್ಕೊತ್ತಿಕೊಂಡು ಅತ್ತದ್ದನ್ನೂ ನೋಡಿದ್ದೇನೆ. ಹೆದರಿದ್ದನ್ನು ಮಾತ್ರ ನೋಡಿರಲಿಲ್ಲ. ‘ಜನ ಒಳಗೆ ಕೂತಿರ್ತಾರಮ್ಮ, ಮಕ್ಕಳು ಮರಿ ಇರ್ತಾರೆ, ಯಾರಾದ್ರೂ ಹೋಗಿ ನೋಡ್ಬೇಕು’ ಅನ್ನುತ್ತ ಹೊರಟೇಬಿಟ್ಟರು. ಕೈ ಹಿಡಿದರೆ ಕೊಸರಿಕೊಂಡರು. ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿಂದ ಬರುತ್ತದೋ! ನಾನು ಕಾಲಿಗೆ ಸಿಕ್ಕಿದ ಒಂದೇ ಚಪ್ಪಲಿಯಲ್ಲಿ ಹಿಂದೆ ಓಡಿದೆ. ಬೀಗದಕೈಯಾಕೆ ಬಾಯಿಬಿಟ್ಟು ನೋಡುತ್ತ ನಿಂತಳು.

ಗಲ್ಲಿ ದಾಟಿ ಸ್ಟೇಷನ್ನಿನ ಮುಂದಿನ ಬಯಲಿಗೆ ಬಂದರು. ಆಟೋದವರು ಹಾರನ್ ಹೊಡೆಯುತ್ತಿದ್ದಾರೆ, ಇವರಿಗೆ ಅದರ ಪರಿವೆಯೇ ಇಲ್ಲ. ಕಬ್ಬಿಣದ ಬೇಲಿಯ ಹತ್ತಿರ ನಿಂತು ಹಳಿ ನೋಡತೊಡಗಿದರು. ನಾನು ಬಂದು ತೋಳು ಹಿಡಿದುಕೊಂಡೆ. ಇನ್ನೇನು, ಈಗ ಗಾಡಿ ಬಂದರೆ ಇವರು ಬೇಲಿ ಹಾರಿಯಾರು, ನಾನೊಬ್ಬಳೇ ತಡೆಯಲಾರೆ ಅಂದುಕೊಂಡೆ. ಅಷ್ಟರಲ್ಲಿ ಗಾಡಿ ಬಂದೇ ಬಂತು, ಉದ್ದಕ್ಕೆ ಸಿಳ್ಳೆ ಹಾಕುತ್ತ. ನಾನು ಎರಡೂ ಕೈಯಲ್ಲಿ ಅವರ ಕೋಟು ಬಿಗಿಹಿಡಿದೆ. ಮಾವ ಕದಲಲಿಲ್ಲ. ಇಂಜಿನ್ ಹೋಯಿತು, ಒಂದೊಂದೇ ಡಬ್ಬಿ ಹೋಯಿತು, ಕೊನೆಯ ಡಬ್ಬಿ ಹೋಗುವವರೆಗೂ ನೋಡಿದರು. ಆಮೇಲೆ ನನ್ನ ಹಿಡಿತದಲ್ಲಿದ್ದ ಅವರ ಭುಜ ಸಡಿಲವಾಯಿತು. ‘ಬಂತು’ ಅಂದರು. ಹಾಗಂದವರೇ ಅಲ್ಲಿದ್ದ ಬೆಂಚಿನ ಮೇಲೆ ಕೂತು, ನನ್ನ ಹೆಗಲಿಗೆ ತಲೆಯಿಟ್ಟು, ಆ ಗದ್ದಲದಲ್ಲೇ ನಿದ್ದೆಹೋದರು.

ನಾನು ಬೆಂಚಿನ ಮೇಲೆ ಒಂಟಿ ಚಪ್ಪಲಿಯಲ್ಲಿ ಕೂತೇ ಇದ್ದೆ. ಗಾಡಿಗಳು ಬಂದವು, ಹೋದವು. ಪ್ರತಿ ಸಿಳ್ಳೆಗೂ ಮಾವನ ನಿದ್ದೆ ಇನ್ನಷ್ಟು ಗಾಢವಾಯಿತು. ಆಗ ನನ್ನ ತಲೆಯಲ್ಲಿ ಒಂದೊಂದೇ ಬಿಚ್ಚಿಕೊಂಡಿತು ನೋಡಿ. ಮೊದಲ ಸಲ ಅವರು ಗೇಟಿನ ಹತ್ತಿರ ಸಿಕ್ಕ ದಿನ ಗೇಟಿನವನು ‘ಸೇತುವೆ ಕೆಲಸ ಅಂತ ಬೆಳಗಿಂದ ಗಾಡಿನೇ ಬಿಟ್ಟಿಲ್ಲಮ್ಮ, ಸದ್ಯ ಬಚಾವ್’ ಅಂದಿದ್ದ. ಬಚಾವಾದದ್ದಕ್ಕೆ ನಾವು ಕೈಮುಗಿದೆವೇ ಹೊರತು ಮಾತಿಗೆ ಕಿವಿಗೊಡಲಿಲ್ಲ. ಎರಡನೇ ಸಲ ಸ್ಟೇಷನ್ ಮಾಸ್ಟರಿಗೆ ಮಾವ ಬೈಯುತ್ತಿದ್ದದ್ದು ‘ಜನರನ್ನ ಎಲ್ಲಿ ನಿಲ್ಸಿದ್ದೀರಿ’ ಅಂತ. ಹುಚ್ಚುಮಾತು ಅಂದುಕೊಂಡೆವು. ಅವತ್ತು ದಟ್ಟ ಮಂಜು ಬಿದ್ದು ಎಲ್ಲ ಗಾಡಿಯೂ ತಡ. ಮೂರನೇ ಸಲ ಬಿರುಗಾಳಿಗೆ ಹಳಿಯ ಮೇಲೆ ಮರ ಬಿದ್ದಿತ್ತಲ್ಲ, ಮಾವ ನಡೆಯುತ್ತಿದ್ದದ್ದು ಆ ಮರದ ಕಡೆಗೇ. ಸಿಳ್ಳೆ ಕೇಳಿ ಅವರು ಒಂದು ದಿನವೂ ಎದ್ದು ಹೋಗಿಲ್ಲ ಅತ್ತಿಗೆ. ಸಿಳ್ಳೆ ಕೇಳದಿದ್ದಾಗ ಹೋಗಿದ್ದಾರೆ. ಗಾಡಿ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರೆ ಎಲ್ಲರೂ ಕ್ಷೇಮ ಅಂತ ಅವರ ಜೀವಕ್ಕೆ ನೆಮ್ಮದಿ. ಹೋಗದಿದ್ದರೆ ಎಲ್ಲೋ ಯಾರೋ ಕಷ್ಟದಲ್ಲಿದ್ದಾರೆ. ಅಂಥವರ ಕಿಟಕಿಗೆ ನಾವೆಲ್ಲ ಸೇರಿ ಯೋಚನೆ ಮಾಡಿ ಮೂರು ಪದರದ ಪರದೆ ಹಾಕಿದೆವು. ಇಲ್ಲದ ಅಪಘಾತವನ್ನು ದಿನಾ ಅವರ ತಲೆಗೆ ತುಂಬಿದೆವು. ಅಲ್ಲಿ ಬೆಂಚಿನ ಮೇಲೆ ಕೂತು ನನಗೆ ನಗುವೂ ಬಂತು, ಅಳುವೂ ಬಂತು. ಹೋಗುವವರು ಬರುವವರು ನೋಡುತ್ತಿದ್ದರು. ನೋಡಲಿ ಅಂತ ಅತ್ತೆ.

ಮಾವ ಎದ್ದ ಮೇಲೆ ನೇರ ಈ ಎದುರಿನ ಲಾಡ್ಜಿಗೇ ಕರೆತಂದೆ. ಹೊಟ್ಟೆಯ ಮ್ಯಾನೇಜರಿಗೆ ನನ್ನ ಗುರುತು ಸಿಕ್ಕಿತು. ‘ಅವತ್ತು ಓಡಿ ಹೋದ್ರಲ್ಲ ಮೇಡಂ’ ಅಂದರು. ಗಾಡಿ ಚೆನ್ನಾಗಿ ಕೇಳುವ ರೂಮು ಕೊಡಿ ಅಂದೆ. ಅವರ ಮುಖ ಅರಳಿದ್ದು ನೋಡಬೇಕಿತ್ತು, ಜನ್ಮದಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಕ್ಕಿಲ್ಲ. ಹಿಂದಿನ ಗಲ್ಲಿಗೆ ಹೋಗಿ ಚೀಲಗಳನ್ನೂ ಇನ್ನೊಂದು ಚಪ್ಪಲಿಯನ್ನೂ ಅವರೇ ತರಿಸಿಕೊಟ್ಟರು. ಈಗ ಕಿಟಕಿ ಪೂರ್ತಿ ತೆರೆದಿದೆ. ಅನೌನ್ಸ್‌ಮೆಂಟು, ಸಿಳ್ಳೆ, ಕೂಲಿಯವರ ಕೂಗು, ಎಲ್ಲ ಒಳಗೇ ಇದೆ. ಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ. ನಾನು ಮಂಚದ ತುದಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಣ್ಣು ಎಳೆಯುತ್ತಿದೆ, ಅಕ್ಷರ ಸೊಟ್ಟಗಾದರೆ ಮನ್ನಿಸಿ.

ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ ಅನ್ನುವುದೇ ನನ್ನ ಚಿಂತೆ. ಎಲೆ ಅಲುಗಿದರೂ ಕೇಳುವ ಆ ಕೋಣೆಯಲ್ಲಿ ಮಾವನಿಗೆ ಎಲೆ ತಗೊಂಡು ಏನಾಗಬೇಕು? ‘ಗಾಡಿ ಹೋಯ್ತು ಅಪ್ಪ’ ಅಂದರೆ ನಂಬುವುದಿಲ್ಲ. ಆದರೆ ಟೀ ಕುಡಿಯುತ್ತ ಅವರೇ ಒಂದು ಮಾತು ಹೇಳಿದರು, ಅವರ ಕಾಲದಲ್ಲಿ ಮುಂದಿನ ಸ್ಟೇಷನ್ನಿನಿಂದ ಫೋನು ಬಂದರೆ ಮಾತ್ರ ಗಾಡಿ ಕ್ಷೇಮವಾಗಿ ಸೇರಿತು ಅಂತ ಲೆಕ್ಕವಂತೆ. ಅದನ್ನು ಹಿಡಿದುಕೊಳ್ಳಿ. ದಿನಾ ಅವರು ಮಲಗುವ ಮುಂಚೆ ನಾನು ಮನೆಯಿಂದ ಫೋನು ಮಾಡುತ್ತೇನೆ. ನೀವು ಎತ್ತಿ, ಅವರಿಗೆ ಕೇಳುವ ಹಾಗೆ ‘ಹೌದಾ, ಎಲ್ಲಾ ಗಾಡಿ ಸೇರಿದ್ವಾ, ಸರಿ’ ಅನ್ನಿ. ನಿಮ್ಮ ಯಜಮಾನರು ನಡುವೆ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಇದು ಎಷ್ಟು ದಿನ ನಡೆದೀತೋ ಗೊತ್ತಿಲ್ಲ. ಮೀನಿಗೆ ನೀರಿನ ಫೋಟೋ ತೋರಿಸಿದ ಹಾಗೆ ಇದು. ಕೋಟು ಬಿಚ್ಚಲು ಬಲವಂತ ಮಾಡಬೇಡಿ. ಟೀಗೆ ನಿಜವಾಗಿಯೂ ಸಕ್ಕರೆ ಹಾಕಬೇಡಿ, ಹಾಕಿದೆ ಅಂತ ಹೇಳಿ ಕಲಕಿ ಕೊಡಿ, ಕುಡಿಯುತ್ತಾರೆ.

ಸುಸ್ತಾಗಿದೆ ಅತ್ತಿಗೆ. ಎಷ್ಟು ಅಂತ ಹೇಳಲು ನನಗೆ ಬರುವುದಿಲ್ಲ. ನಾಳೆ ಗಾಡಿ ಹೋದ ಮೇಲೆ ಮನೆಗೆ ಹೋಗಿ, ಬಾಗಿಲು ಹಾಕಿ, ಎಚ್ಚರವಾಗುವವರೆಗೆ ಮಲಗುತ್ತೇನೆ. ಅದೊಂದು ಆಸೆ ಇಷ್ಟು ದಿನ ನನ್ನನ್ನು ನಿಲ್ಲಿಸಿತ್ತು. ಅದನ್ನು ಬಿಡಲಾರೆ. ಮಾವನನ್ನು ಇಲ್ಲೇ ಇಟ್ಟುಕೊಳ್ಳುತ್ತೇನೆ, ನಾಳೆಯ ಪ್ರಯಾಣ ಬೇಡ ಅನ್ನುವಷ್ಟು ದೊಡ್ಡವಳು ನಾನಲ್ಲ. ನೀವೂ ಅಪ್ಪನಿಗಾಗಿ ಕಾಯುತ್ತಿದ್ದೀರಿ. ಗಾಡಿಯಲ್ಲಂತೂ ಅವರು ದಾರಿಯುದ್ದಕ್ಕೂ ಮಗುವಿನ ಹಾಗೆ ಮಲಗುತ್ತಾರೆ, ಅಷ್ಟು ನನಗೀಗ ಖಾತ್ರಿ.

ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಿ. ದೊಡ್ಡವರಾದ ನೀವು ಅಲ್ಲಿಂದಲೇ ನನ್ನ ತಲೆ ಸವರಿ ‘ಹೋಗಿ ಮಲಗು’ ಅಂದುಬಿಡಿ, ನನಗೆ ಬೇರೆ ಆಶೀರ್ವಾದ ಬೇಡ.

ನೀವೇ ಹೆಸರಿಟ್ಟ,
ನಿಮ್ಮ ಗುಂಡುಸೂಜಿ

ತಾಜಾಕಲಂ: ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ತಮ್ಮ ಬಂದಾಯಿತು. ಅವರನ್ನು ಮಾವನ ಹತ್ತಿರ ಕೂರಿಸಿ, ಟೀ ತರುತ್ತೇನೆ ಅಂತ ಹೇಳಿ ಎದುರಿನ ಸ್ಟೇಷನ್ನಿಗೆ ಹೋಗಿ ಬಂದೆ. ಟೀ ತರಲು ಇಷ್ಟು ಹೊತ್ತೇ ಅಂದರು. ಕ್ಯೂ ಇತ್ತು ಅಂದೆ, ಸುಳ್ಳೇನಲ್ಲ. ಅವರು ವಾಪಸು ಬರುವ ಗಾಡಿಯಲ್ಲೇ ಮಾವನಿಗೂ ಒಂದು ಟಿಕೆಟ್ ತೆಗೆಸಿದ್ದೇನೆ. ಕಣ್ತುಂಬ ನೋಡಿಕೊಳ್ಳಿ, ಬಣ್ಣ ಹೊಡೆಸಿದ ಕೋಣೆಯಲ್ಲಿ ಮಲಗಿಸಿ, ನನ್ನ ಮೇಲೆ ಸಿಟ್ಟಾಗಿ, ಆದರೆ ಕಳಿಸಿಕೊಡಿ. ಅಷ್ಟರಲ್ಲಿ ನನ್ನ ನಿದ್ದೆ ತೀರಿರುತ್ತದೆ, ಪರದೆಯನ್ನೂ ಇಳಿಸಿರುತ್ತೇನೆ. ನಿಮ್ಮ ತಮ್ಮನಿಗೆ ಇನ್ನೂ ಹೇಳಿಲ್ಲ. ಈಗ ಹೇಳಿದರೆ ವಾದ ಶುರುವಾಗುತ್ತದೆ, ಅದಕ್ಕೆ ನನ್ನಲ್ಲಿ ಶಕ್ತಿಯಿಲ್ಲ. ಅಕ್ಕನಾಗಿ ನೀವೇ ಹೇಳಿ. ಸದ್ಯ ಕೆಳಗೆ ಮ್ಯಾನೇಜರಿಗೆ ಲಿಫ್ಟಿನ ಬಾಗಿಲು ಎಷ್ಟು ಅಪಾಯ ಅಂತ ಪಾಠ ಮಾಡುತ್ತಿದ್ದಾರೆ, ಯಾವಾಗ ಬೇಕಾದರೂ ಹತ್ತಿ ಬಂದಾರು. ಟಿಕೆಟನ್ನು ಮಾವನ ಕೋಟಿನ ಒಳಜೇಬಿಗೆ ಹಾಕಿ ಹೊಲಿದಿದ್ದೇನೆ. ಕಚ್ಚಾ ಹೊಲಿಗೆ, ಕತ್ತರಿ ಬೇಡ. ದಾರದ ತುದಿ ಹೊರಗೆ ಬಿಟ್ಟಿದ್ದೇನೆ, ಎಳೆಯಿರಿ ಸಾಕು.